ನಲವತ್ತರ ಗ್ಯಾರೇಜಿನಲ್ಲಿ ಹದಿನೆಂಟರ ಬಿಯರ್

ಪ್ರಶ್ನೆ: ಊರು ಹಾಸನ, ಈಗಿರುವುದು ಟೆಕ್ಸಸ್‌ನ ಡಲ್ಲಾಸ್ ಹತ್ತಿರ. ಕೆಲವು ವರ್ಷಗಳಿಂದ ಮನೆಯಲ್ಲೇ ಬಿಯರ್ ಮಾಡುತ್ತಿದ್ದೇನೆ, ಒಂದು ಸಲಕ್ಕೆ ಐದು ಗ್ಯಾಲನ್, ಅಂದರೆ 19 ಲೀಟರ್. ಚಳಿಗಾಲದಲ್ಲಿ ಮಾಡಿದ್ದು ಚೆನ್ನಾಗಿ ಬರುತ್ತದೆ. ಮೇ ತಿಂಗಳಿಂದಾಚೆಗೆ ಮಾಡಿದ್ದೆಲ್ಲ ಕೆಡುತ್ತಿದೆ. ಒಮ್ಮೆ ಬಾಳೆಹಣ್ಣಿನ ವಾಸನೆ, ಒಮ್ಮೆ ನೇಲ್ ಪಾಲಿಶ್ ಒರೆಸುವ ದ್ರವದ ವಾಸನೆ, ಕುಡಿದರೆ ಗಂಟಲು ಉರಿ. ಜುಲೈನಲ್ಲಿ ನಮ್ಮ ಗ್ಯಾರೇಜ್ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ. ಹಾಸ್ಟೆಲ್ ಹುಡುಗರು ಇಟ್ಟುಕೊಳ್ಳುವಂಥ ಹಳೆಯ ಪುಟ್ಟ ಫ್ರಿಜ್ ಇದೆ. ಅದರ ಬಾಗಿಲು ಕಿತ್ತು, ಒಂದಿಂಚಿನ ಫೋಮ್ ಶೀಟಿನಿಂದ ಎರಡಡಿ ಅಗಲ, ಮೂರೂಕಾಲು ಅಡಿ ಎತ್ತರದ ಪೆಟ್ಟಿಗೆ ಮಾಡಿ ಜೋಡಿಸಬೇಕೆಂದಿದ್ದೇನೆ. ಫ್ರಿಜ್ ಯಾಕೆ, ಕರೆಂಟಿನಿಂದ ತಣ್ಣಗಾಗುವ ಪೆಲ್ಟಿಯರ್ ಬಿಲ್ಲೆ ಸಾಕು ಎನ್ನುತ್ತಾನೆ ಒಬ್ಬ ಗೆಳೆಯ. ತಣ್ಣಗಾದ ಬಿಯರ್ ಮತ್ತೆ ಬೆಚ್ಚಗಾದರೆ ಕೆಟ್ಟೇ ಹೋಗುತ್ತದೆ, ಒಂದು ಸಲ ಕರೆಂಟ್ ಹೋದರೆ ಎಲ್ಲ ಚೆಲ್ಲಬೇಕು ಎನ್ನುತ್ತಾನೆ ಇನ್ನೊಬ್ಬ. ಬಿಯರ್ ಹುದುಗುವ ಬಕೆಟ್ ಮನೆಯೊಳಗೆ ಬೇಡ ಎಂಬುದು ಹೆಂಡತಿಯ ಷರತ್ತು. ಚಳಿಗಾಲದಲ್ಲಿ ಅದೇ ಪೆಟ್ಟಿಗೆಯಲ್ಲಿ ದೋಸೆ ಹಿಟ್ಟು ಹುದುಗಿಸಬಹುದೇ ಎಂಬುದೂ ಅವಳದೇ ಪ್ರಶ್ನೆ. ಏನು ಮಾಡಲಿ?

ಉತ್ತರ: ನೀವು ಬರೆದ ಎರಡು ವಾಸನೆಗಳೇ ಅರ್ಧ ಉತ್ತರ ಹೇಳಿಬಿಡುತ್ತವೆ. ಕೊಳಕು ಪಾತ್ರೆಯಿಂದ, ಸೋಂಕಿನಿಂದ ಕೆಟ್ಟ ಬಿಯರ್ ಸಾಮಾನ್ಯವಾಗಿ ಹುಳಿಯಾಗುತ್ತದೆ. ನಿಮ್ಮದು ಹಾಗಿಲ್ಲ. ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್‌ನದು, ನೇಲ್ ಪಾಲಿಶ್ ವಾಸನೆ ಈಥೈಲ್ ಅಸಿಟೇಟ್‌ನದು, ಗಂಟಲು ಸುಡುವುದು ಫ್ಯೂಸೆಲ್ ಎಂದು ಕರೆಯುವ ಭಾರದ ಆಲ್ಕೋಹಾಲ್‌ಗಳು. ಮೂರನ್ನೂ ತಯಾರಿಸುವುದು ಯೀಸ್ಟ್ ತಾನೇ, ಅದೂ ಸೆಕೆಯಲ್ಲಿ ಅವಸರಕ್ಕೆ ಬಿದ್ದಾಗ. ಬಿಯರಿನಲ್ಲಿ ಎರಡು ಮುಖ್ಯ ಜಾತಿ, ತುಸು ಬೆಚ್ಚಗೆ ಹುದುಗುವ ಏಲ್, ತಂಪಿನಲ್ಲಿ ಹುದುಗುವ ಲಾಗರ್. ಸಾಮಾನ್ಯ ಏಲ್ ಯೀಸ್ಟಿಗೆ ಹಿತವಾದದ್ದು 18ರಿಂದ 20 ಡಿಗ್ರಿ ಸೆಲ್ಸಿಯಸ್, ಲಾಗರ್ ಯೀಸ್ಟಿಗೆ 10ರಿಂದ 13. ನಿಮ್ಮ ಗ್ಯಾರೇಜ್ 38. ಬಕೆಟ್ಟಿನ ಒಳಗೆ ಅದಕ್ಕಿಂತ ಹೆಚ್ಚು. ನಿಮ್ಮ ಕೈಗುಣದಲ್ಲಿ ದೋಷವಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಖರ್ಚಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಈ ವಾಸನೆಗಳ ಬಹುಪಾಲು ಹುಟ್ಟುವುದು ಯೀಸ್ಟ್ ಹಾಕಿದ ಮೊದಲ ಮೂರು ದಿನಗಳಲ್ಲಿ, ಅದು ಮರಿ ಹಾಕುತ್ತ ಬೆಳೆಯುವಾಗ. ಆಮೇಲೆ ಎರಡು ಡಿಗ್ರಿ ಏರಿದರೂ ಆಕಾಶ ಬೀಳದು. ಏಲ್ ಮಾಡುವವರು ನಾಲ್ಕನೇ ದಿನದಿಂದ ಬೇಕೆಂದೇ 20–21ಕ್ಕೆ ಏರಿಸುತ್ತಾರೆ, ಯೀಸ್ಟ್ ಚುರುಕಾಗಿ ಉಳಿದ ಸಕ್ಕರೆ ಮುಗಿಸಲಿ ಎಂದು. ಲಾಗರ್ ಕೊನೆಗೆ ಎರಡು ದಿನ 18ರ ಆಸುಪಾಸು ಇಟ್ಟರೆ ಬೆಣ್ಣೆಯಂತೆ ಮೂಗಿಗೆ ಬಡಿಯುವ ಡೈಅಸಿಟೈಲ್ ಅನ್ನು ಯೀಸ್ಟೇ ತಿಂದು ತೆಗೆಯುತ್ತದೆ. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಒಂದೇ ಡಿಗ್ರಿಯಲ್ಲಿ ಕೂಡಿಹಾಕಬೇಕು, ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ಮಾತನ್ನು ನಂಬಿ ದುಬಾರಿ ಯಂತ್ರ ಕೊಳ್ಳಬೇಡಿ.

ಈಗ ಪೆಟ್ಟಿಗೆಯ ವಿಷಯ. ನಾನು ತಂಪು ಕೋಣೆಗಳನ್ನು ಕಟ್ಟಿ, ರಿಪೇರಿ ಮಾಡಿ ಬದುಕುವವನು. ಯಾರೇ ಬಂದು ಹೀಗೊಂದು ಪೆಟ್ಟಿಗೆ ಬೇಕೆಂದರೂ ಮೊದಲು ಕೇಳುವುದು, ಒಳಗೆ ಶಾಖ ಬರುವುದು ಎಲ್ಲಿಂದ ಎಂದು. ಬಿಯರ್ ಮಾಡುವವರೆಲ್ಲ ಯೀಸ್ಟಿನ ಕಡೆ ಬೆರಳು ತೋರಿಸುತ್ತಾರೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಒಂದು ಕಿಲೋ ಸಕ್ಕರೆಯಂಶ ಹುದುಗಿದರೆ ಸುಮಾರು 590 ಕಿಲೋಜೂಲ್ ಶಾಖ. ನಿಮ್ಮ 19 ಲೀಟರ್ ವರ್ಟಿನ, ಅಂದರೆ ಯೀಸ್ಟ್ ಹಾಕುವ ಮುಂಚಿನ ಸಿಹಿ ಮಾಲ್ಟ್ ರಸದ, ಸಾಂದ್ರತೆ ನೀರಿನ 1.050 ಪಟ್ಟು ಎಂದುಕೊಂಡರೆ ಅದರಲ್ಲಿ ಹುದುಗುವುದು ಒಂದೂವರೆ ಕಿಲೋಗಿಂತ ತುಸು ಹೆಚ್ಚು. ಒಟ್ಟು 950 ಕಿಲೋಜೂಲ್ ಅನ್ನಿ. ಮೂರು ನಾಲ್ಕು ದಿನಕ್ಕೆ ಹಂಚಿದರೆ ಸರಾಸರಿ ಮೂರು ನಾಲ್ಕು ವಾಟ್, ರಭಸದ ಹೊತ್ತಿನಲ್ಲಿ ಹತ್ತರ ಸುತ್ತ. ಒಂದು ಎಲ್‌ಇಡಿ ಬಲ್ಬಿನಷ್ಟು. ಅಷ್ಟಕ್ಕೇ ಬಕೆಟ್ ಸುತ್ತಲಿನ ಗಾಳಿಗಿಂತ ಮೂರು ನಾಲ್ಕು ಡಿಗ್ರಿ ಬಿಸಿಯಾಗುವುದು ನಿಜ, ಏಕೆಂದರೆ ಬಕೆಟ್ಟಿನ ಮೈ ಚಿಕ್ಕದು, ನಿಂತ ಗಾಳಿ ಶಾಖವನ್ನು ಮೆಲ್ಲಗೆ ಒಯ್ಯುತ್ತದೆ. ಆದರೆ ತಂಪು ಮಾಡುವ ಯಂತ್ರಕ್ಕೆ ಇದು ಏನೇನೂ ಅಲ್ಲ.

ಗೋಡೆಯ ಲೆಕ್ಕ ನೋಡಿ. ನೀವು ಬರೆದ ಅಳತೆಯ ಪೆಟ್ಟಿಗೆಯ ಹೊರಮೈ ಸುಮಾರು ಮೂರು ಚದರ ಮೀಟರ್. ಹೊರಗೆ 38, ಒಳಗೆ 18, ಅಂತರ 20. ಒಂದಿಂಚಿನ ಗಟ್ಟಿ ಫೋಮ್ ಮೂಲಕ ಒಳಗೆ ನುಗ್ಗುವ ಶಾಖ ಹತ್ತಿರ ಹತ್ತಿರ 70 ವಾಟ್. ಎರಡಿಂಚು ಹಾಕಿದರೆ 35. ನಾಲ್ಕಿಂಚು ಹಾಕಿದರೆ 18. ಇದಿಷ್ಟೂ ಕಾಗದದ ಲೆಕ್ಕ, ಮೂಲೆಗಳಲ್ಲಿ ಬೆಳಕು ಕಾಣುವಷ್ಟು ಸಂದಿ ಬಿಟ್ಟರೆ ಒಂದೂವರೆ ಪಟ್ಟು ಎಂದುಕೊಳ್ಳಿ. ಯೀಸ್ಟ್ ಕೊಡುವ ಹತ್ತು ವಾಟ್ ಎಲ್ಲಿ, ಗ್ಯಾರೇಜ್ ತಳ್ಳುವ ನೂರು ವಾಟ್ ಎಲ್ಲಿ! ನೀವು ತಣ್ಣಗೆ ಮಾಡಲು ಹೊರಟಿರುವುದು ಬಿಯರನ್ನಲ್ಲ, ಡಲ್ಲಾಸ್ ಬೇಸಿಗೆಯನ್ನು. ಯಂತ್ರ ಯಾವುದು ಎಂಬುದು ಆಮೇಲೆ, ಗೋಡೆ ಎಷ್ಟು ದಪ್ಪ ಎಂಬುದು ಮೊದಲು.

ಈ ಕಣ್ಣಿನಿಂದ ನಿಮ್ಮ ಯೋಜನೆ ನೋಡಿದರೆ ನನಗೆ ಒಪ್ಪಿಗೆಯಿಲ್ಲ. ಪುಟ್ಟ ಫ್ರಿಜ್ಜಿನ ಕಂಪ್ರೆಸರ್ ತನ್ನ ಪುಟ್ಟ ಕವಾಟಿಗೆ ತಕ್ಕ ಹಾಗೆ ಮಾಡಿದ್ದು, ಆಗಾಗ ನಿಂತು ಉಸಿರು ತೆಗೆದುಕೊಳ್ಳಬೇಕು. ಅದಕ್ಕೆ ಒಂದಿಂಚಿನ ಗೋಡೆಯ ದೊಡ್ಡ ಪೆಟ್ಟಿಗೆ ಕಟ್ಟಿದರೆ ಜುಲೈ ಮಧ್ಯಾಹ್ನ ಅದು ನಿಲ್ಲದೆ ಓಡುತ್ತದೆ, ಶಾಖ ಹೊರಬಿಡುವ ಬೆನ್ನಿನ ಕಂಡೆನ್ಸರ್ ಸುತ್ತಲೂ 38 ಡಿಗ್ರಿ ಗಾಳಿ. ಒಂದೆರಡು ಬೇಸಿಗೆಗೆ ಅದರ ಆಯಸ್ಸು ಮುಗಿಯುತ್ತದೆ. ಅಪಾಯದ ಮಾತು ಬೇರೆ. ಬಾಗಿಲು ಕಿತ್ತ ಮೇಲೆ ಬಕೆಟ್ ಹಿಡಿಸಲೆಂದು ಮೇಲಿನ ಐಸ್ ತಟ್ಟೆಯನ್ನು ಕೆಳಕ್ಕೆ ಬಗ್ಗಿಸುವವರು ಬಹಳ. ಆ ತಟ್ಟೆಯೊಳಗೆ ಅಲ್ಯೂಮಿನಿಯಂ ಕೊಳವೆ ಇರುತ್ತದೆ, ಬಗ್ಗಿಸಿದಲ್ಲಿ ಸೀಳುತ್ತದೆ, ಗ್ಯಾಸ್ ಹೋಗುತ್ತದೆ. ಇತ್ತೀಚಿನ ಫ್ರಿಜ್ಜುಗಳಲ್ಲಿ ಆ ಗ್ಯಾಸ್ ಆರ್-600ಎ, ಅಂದರೆ ಐಸೋಬ್ಯೂಟೇನ್. ಸಿಗರೇಟ್ ಲೈಟರಿನಲ್ಲಿ ಇರುವ ಜಾತಿಯದೇ, ಬೆಂಕಿ ಹತ್ತುವಂಥದ್ದು. ಹಿಂಬದಿಯ ಚೀಟಿ ಓದದೆ ಫ್ರಿಜ್ಜಿಗೆ ಸ್ಕ್ರೂ ಹಾಕಬೇಡಿ, ಡ್ರಿಲ್ ಇಡಬೇಡಿ.

ಪೆಲ್ಟಿಯರ್ ಬಗ್ಗೆ ನಿಮ್ಮ ಗೆಳೆಯ ಹೇಳಿದ್ದು ಚಿಕ್ಕ ಅಂತರಕ್ಕೆ ಸರಿ. ಅಂಗೈಯಗಲಕ್ಕಿಂತ ಚಿಕ್ಕ ಬಿಲ್ಲೆ, ಒಂದು ಮೈ ತಣ್ಣಗೆ, ಇನ್ನೊಂದು ಮೈ ಬಿಸಿ, ಕಂಪ್ರೆಸರ್ ಇಲ್ಲ, ಗದ್ದಲವಿಲ್ಲ. ಬಿಲ್ಲೆ ಬರುವ ಡಬ್ಬಿಯ ಮೇಲೆ 60 ವಾಟ್ ಎಂದು ಅಚ್ಚು ಹಾಕಿರುತ್ತಾರೆ, ಎರಡು ಮೈಗಳ ನಡುವೆ ಅಂತರವೇ ಇಲ್ಲದಿದ್ದಾಗಿನ ಅಂಕಿ ಅದು. ಅಂತರ ಏರಿದಷ್ಟೂ ಅದು ಹೊರುವ ಶಾಖ ಇಳಿಯುತ್ತದೆ, ತಿನ್ನುವ ಕರೆಂಟ್ ಇಳಿಯುವುದಿಲ್ಲ. ಒಳಗಿನ 18, ಹೊರಗಿನ 38, ಅದರ ಮೇಲೆ ಬಿಸಿ ಮೈಯ ರೆಕ್ಕೆಗಳು ಗ್ಯಾರೇಜಿಗಿಂತ ಹತ್ತು ಡಿಗ್ರಿ ಹೆಚ್ಚು ಬಿಸಿ. ಕೈಗೆ ಸಿಗುವುದು ಬಲು ಸ್ವಲ್ಪ. ವೈನ್ ಬಾಟಲಿಗೆ ಆದೀತು, ನಿಮ್ಮ ಗ್ಯಾರೇಜಿಗಾಗದು.

ಹಾಗಾದರೆ ಯಾವುದು ಆದೀತು? ನನ್ನನ್ನು ಕೇಳಿದರೆ ಮೊದಲು ಹೆಂಡತಿಯ ಜತೆ ಇನ್ನೊಮ್ಮೆ ಮಾತಾಡಿ. ತಮಾಷೆಯಲ್ಲ. ಮನೆಯೊಳಗೆ ಎಸಿ ಹೇಗೂ 24–25ರಲ್ಲಿ ಓಡುತ್ತಿರುತ್ತದೆ. ಬಟ್ಟೆ ಕಪಾಟಿನ ಮೂಲೆಯಲ್ಲಿ ಎರಡಿಂಚಿನ ಫೋಮ್ ಪೆಟ್ಟಿಗೆ ಇಟ್ಟರೆ ಅಂತರ ಏಳು ಡಿಗ್ರಿ ಮಾತ್ರ, ಗೋಡೆಯಿಂದ ಬರುವುದು ಹನ್ನೆರಡು ವಾಟ್. ಅದಕ್ಕೆ ಯಂತ್ರವೇ ಬೇಡ. ಎರಡು ಲೀಟರ್ ಬಾಟಲಿಯ ನೀರು ಹೆಪ್ಪುಗಟ್ಟಿದ್ದು ಕರಗುವಾಗ ಸುಮಾರು 670 ಕಿಲೋಜೂಲ್ ಹೀರುತ್ತದೆ. ಹುದುಗು ರಭಸದಲ್ಲಿದ್ದಾಗ ದಿನಕ್ಕೆ ಮೂರು ಬಾಟಲಿ, ಆಮೇಲೆ ಎರಡು, ಒಂದು. ಅದೇ ಕೆಲಸಕ್ಕೆ ಗ್ಯಾರೇಜಿನಲ್ಲಿ ಎರಡಿಂಚಿನ ಪೆಟ್ಟಿಗೆಗೂ ದಿನಕ್ಕೆ ಐದಾರು ಬಾಟಲಿ ಬೇಕು, ಮಧ್ಯಾಹ್ನ ಆಫೀಸಿನಿಂದ ಬಂದು ಬದಲಾಯಿಸುವವರು ಯಾರು? ಮನೆಯೊಳಗಿನ ತಕರಾರು ಸಾಮಾನ್ಯವಾಗಿ ವಾಸನೆಯದು, ನೊರೆ ಉಕ್ಕಿ ಕಾರ್ಪೆಟ್ ಮೇಲೆ ಬೀಳುವುದರದು. ಗ್ಯಾಸ್ ಹೊರಬಿಟ್ಟು ಗಾಳಿಯನ್ನು ತಡೆಯುವ ನೀರಿನ ಬಿರಡೆಯ, ಅಂದರೆ ಏರ್‌ಲಾಕಿನ, ಬದಲು ಮೊದಲ ಮೂರು ದಿನ ದಪ್ಪ ಕೊಳವೆ ಹಾಕಿ ಅದರ ತುದಿಯನ್ನು ನೀರಿನ ಜಗ್ಗಿನಲ್ಲಿ ಮುಳುಗಿಸಿಟ್ಟರೆ ಎರಡನೆಯದು ಬಗೆಹರಿಯುತ್ತದೆ. ಮೊದಲನೆಯದಕ್ಕೆ ನನ್ನ ಬಳಿ ಮದ್ದಿಲ್ಲ.

ನೀರಿನ ತೊಟ್ಟಿಯಲ್ಲಿ ಬಕೆಟ್ ನಿಲ್ಲಿಸಿ, ಒದ್ದೆ ಟವೆಲ್ ಹೊದಿಸಿ, ಫ್ಯಾನ್ ಬಿಡುವ ಉಪಾಯವೂ ಚಾಲ್ತಿಯಲ್ಲಿದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ನಿಯಮವೇ ಇದು. ಅರಿಜೋನಾದ ಒಣ ಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಹ್ಯೂಸ್ಟನ್ನಿನ ಜಿಗುಟು ಸೆಕೆಯಲ್ಲಿ ಆವಿಯಾಗುವುದೇ ಕಷ್ಟ. ಡಲ್ಲಾಸ್ ಎರಡರ ನಡುವೆ. 38ರಿಂದ 18ಕ್ಕೆ ಇಳಿಸುವ ಶಕ್ತಿಯಂತೂ ಅದಕ್ಕೆ ಎಲ್ಲೂ ಇಲ್ಲ.

ಗ್ಯಾರೇಜೇ ಗತಿ ಎಂದಾದರೆ ಪೆಟ್ಟಿಗೆ ಕಟ್ಟಬೇಡಿ. ಕಾರ್ಖಾನೆಯವರು ಕಟ್ಟಿ, ಫೋಮ್ ತುಂಬಿ, ಬಾಗಿಲಿಗೆ ರಬ್ಬರ್ ಹಾಕಿ ಕೊಟ್ಟ ಪೆಟ್ಟಿಗೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಚೆಸ್ಟ್ ಫ್ರೀಜರ್ ಅಥವಾ ನಿಲುವಿನ ಫ್ರಿಜ್. ಫ್ರೀಜರ್ ಗೋಡೆ ದಪ್ಪ, ಕರೆಂಟ್ ಕಡಿಮೆ ತಿನ್ನುತ್ತದೆ, ಅಗ್ಗ. ಆದರೆ 22–23 ಕಿಲೋ ತೂಗುವ ಬಕೆಟ್ಟನ್ನು ಎದೆಮಟ್ಟ ಎತ್ತಿ ಒಳಗೆ ಇಳಿಸಬೇಕು, ಅದೂ ಬಗ್ಗಿ, ಕೈ ಚಾಚಿ. ಕಾರ್ಬಾಯ್ ಎಂಬ ದೊಡ್ಡ ಗಾಜಿನ ಸೀಸೆ ಆದರೆ ಒದ್ದೆ ಕೈಯಲ್ಲಿ ಇನ್ನೂ ಅಪಾಯ. ಬೆನ್ನು ನೋವಿನವರಿಗೆ ನಾನು ಫ್ರೀಜರ್ ಹೇಳುವುದೇ ಇಲ್ಲ. ಅದರೊಳಗೆ ನೀರು ಹರಿದುಹೋಗಲು ದಾರಿ ಇಲ್ಲದ್ದರಿಂದ 18 ಡಿಗ್ರಿಯಲ್ಲಿ ಗೋಡೆ ಬೆವರಿ ತಳದಲ್ಲಿ ನೀರು ನಿಂತು ಬೂಸ್ಟು ಹಿಡಿಯುತ್ತದೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ, ಒಂದು ಸಣ್ಣ ಫ್ಯಾನ್, ಪ್ರತಿ ಸಲ ಒರೆಸುವುದು, ಇಷ್ಟು ಮಾಡಿದರೆ ಸಹಿಸಬಹುದು. ಬಿಸಿ ಅಳೆಯುವ ಸೆನ್ಸರಿನ ತಂತಿ ಒಳಗೆ ಬಿಡಲು ಪಕ್ಕದ ಗೋಡೆಗೆ ತೂತು ಕೊರೆಯಬೇಡಿ, ಬಿಸಿ ಕೊಳವೆಗಳು ಬಹಳ ಫ್ರೀಜರುಗಳಲ್ಲಿ ಅಲ್ಲೇ ಹುದುಗಿರುತ್ತವೆ. ತೆಳುವಾದ ಸೆನ್ಸರ್ ತಂತಿ ಮುಚ್ಚಳದ ರಬ್ಬರ್ ಕೆಳಗೇ ನುಸುಳುತ್ತದೆ. ಎತ್ತರ ಸಾಲದಿದ್ದರೆ ಮುಚ್ಚಳ ಬಿಚ್ಚಿ, ನಡುವೆ ಮರದ ಚೌಕಟ್ಟು ಕೂರಿಸಿ, ತೂತುಗಳನ್ನೆಲ್ಲ ಆ ಮರಕ್ಕೇ ಹಾಕಿ.

ನಿಲುವಿನ ಫ್ರಿಜ್ ನನ್ನ ಆಯ್ಕೆ. ಬಕೆಟ್ಟನ್ನು ಮೊಣಕಾಲೆತ್ತರಕ್ಕೆ ಎತ್ತಿ ಒಳಗೆ ತಳ್ಳಿದರಾಯಿತು. ಕೊಳ್ಳುವ ಮೊದಲು ಒಳಗಿನ ಚೀಟಿಯಲ್ಲಿ ಹವಾಮಾನ ವರ್ಗ ಬರೆದಿದ್ದರೆ ಓದಿ. ‘ಎನ್’ ಎಂದಿದ್ದರೆ ಹೊರಗೆ 32 ಡಿಗ್ರಿವರೆಗೆ, ‘ಎಸ್‌ಟಿ’ ಎಂದರೆ 38, ‘ಟಿ’ ಎಂದರೆ 43. ಎಲ್ಲ ಚೀಟಿಯಲ್ಲೂ ಇದು ಇರುವುದಿಲ್ಲ, ಇದ್ದರೆ ನಿಮ್ಮ ಗ್ಯಾರೇಜಿಗೆ ಕೊನೆಯದು ಸರಿ. ನಿಮ್ಮ ಪುಟ್ಟ ಫ್ರಿಜ್ಜಿಗೆ ಬೇರೆ ಕೆಲಸವಿದೆ: ಬಾಗಿಲು ಇದ್ದ ಹಾಗೆಯೇ ಬಿಟ್ಟು, ಯೀಸ್ಟ್ ಪೊಟ್ಟಣ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ, ಕೊನೆಗೆ ಬಾಟಲಿಗಳನ್ನು ಇಡಿ.

ಫ್ರಿಜ್ಜಿನ ಸ್ವಂತ ಥರ್ಮೋಸ್ಟ್ಯಾಟ್ 18 ಡಿಗ್ರಿ ಬಲ್ಲದ್ದಲ್ಲ. ಅದನ್ನು ಅತಿ ತಣ್ಣಗಿನ ಗುರುತಿಗೆ ತಿರುಗಿಸಿಟ್ಟು, ಫ್ರಿಜ್ಜಿನ ಪ್ಲಗ್ಗನ್ನು, ಸೆನ್ಸರ್ ನೋಡಿ ಕರೆಂಟ್ ಕೊಟ್ಟು ಕಡಿಯುವ ಹೊರಗಿನ ಕಂಟ್ರೋಲರಿಗೆ ಸಿಕ್ಕಿಸಬೇಕು. ಇಂಕ್‌ಬರ್ಡ್ ಐಟಿಸಿ-308 ತರಹದ್ದರಲ್ಲಿ ಎರಡು ಸಾಕೆಟ್ ಇರುತ್ತವೆ, ಒಂದು ತಂಪಿಗೆ, ಒಂದು ಬಿಸಿಗೆ. ಬರೀ ಮೀಟರ್ ಮಾತ್ರ ಬರುವ, ತಂತಿ ನೀವೇ ಜೋಡಿಸಬೇಕಾದ ಅಗ್ಗದ್ದೂ ಸಿಗುತ್ತದೆ. ವೈರಿಂಗ್ ಗೊತ್ತಿಲ್ಲದವರು ಕೆಲವು ಡಾಲರ್ ಉಳಿಸಲು ಅದಕ್ಕೆ ಹೋಗಬಾರದು. ಯಾವುದೇ ಇರಲಿ, ಕಂಪ್ರೆಸರ್ ನಿಂತ ಮೇಲೆ ಮತ್ತೆ ಹೊರಡಲು ಮೂರರಿಂದ ಐದು ನಿಮಿಷ ತಡೆ ಇಡಿ. ನಿಂತ ಕೂಡಲೇ ಕೊಳವೆಯಲ್ಲಿ ಒತ್ತಡ ಇಳಿದಿರುವುದಿಲ್ಲ, ಆ ಒತ್ತಡದ ವಿರುದ್ಧ ಮೋಟಾರ್ ಎದ್ದೇಳಲು ಹೆಣಗಿ ಸುಟ್ಟುಹೋಗುತ್ತದೆ. ನನ್ನ ಮೇಜಿಗೆ ಬರುವ ಸತ್ತ ಕಂಪ್ರೆಸರುಗಳಲ್ಲಿ ಹೀಗೆ ಸತ್ತವು ಕಡಿಮೆಯೇನಲ್ಲ.

ಸೆನ್ಸರ್ ಎಲ್ಲಿಡಬೇಕು ಎಂಬುದರಲ್ಲಿ ಜನ ಹೆಚ್ಚು ಎಡವುತ್ತಾರೆ. ಗಾಳಿಯಲ್ಲಿ ತೂಗುಬಿಟ್ಟರೆ ಕಂಟ್ರೋಲರ್ ಗಾಳಿಯನ್ನು 18ರಲ್ಲಿ ಕಾಯುತ್ತದೆ, ಬಿಯರ್ ತನ್ನಷ್ಟಕ್ಕೆ 21–22ರಲ್ಲಿ ಕುದಿಯುತ್ತಿರುತ್ತದೆ, ಮೇಲಾಗಿ ಬಾಗಿಲು ತೆರೆದಾಗೆಲ್ಲ ಕಂಪ್ರೆಸರ್ ಏಳುತ್ತದೆ. ಬಕೆಟ್ಟಿನ ಪಕ್ಕಕ್ಕೆ, ದ್ರವದ ಮಟ್ಟಕ್ಕಿಂತ ಕೆಳಗೆ, ಸೆನ್ಸರ್ ಒತ್ತಿ ಅಂಟಿಸಿ, ಮೇಲೆ ನಾಲ್ಕು ಪದರ ಬಬಲ್ ರ‍್ಯಾಪ್ ಅಥವಾ ಒಂದು ತುಂಡು ಫೋಮ್ ಮುಚ್ಚಿ. ಆಗ ಅದು ಓದುವುದು ಬಿಯರನ್ನೇ, ಹೆಚ್ಚೆಂದರೆ ಅರ್ಧ ಡಿಗ್ರಿ ಆಚೀಚೆ. ಇಟ್ಟ ಗುರುತಿಗಿಂತ ಎಷ್ಟು ಏರಿದರೆ ಯಂತ್ರ ಹೊರಡಬೇಕು ಎಂಬ ಅಂತರ ಫ್ರಿಜ್ಜಿನಲ್ಲಿ ಅರ್ಧ ಡಿಗ್ರಿ, ಫ್ರೀಜರಿನಲ್ಲಿ ಒಂದು ಡಿಗ್ರಿ ಇರಲಿ. ಫ್ರೀಜರಿನ ಗೋಡೆ ಕಂಪ್ರೆಸರ್ ನಿಂತ ಮೇಲೂ ಬಹಳ ಹೊತ್ತು ತಂಪು ಸುರಿಯುತ್ತಿರುತ್ತದೆ. ಟೇಪ್ ಗಟ್ಟಿಯಾಗಿರಲಿ. ಸೆನ್ಸರ್ ಕಳಚಿ ಪೆಟ್ಟಿಗೆಯೊಳಗೇ ಬಿದ್ದರೆ ಬಿಯರ್ ಸ್ವಲ್ಪ ಬೆಚ್ಚಗಾದೀತು ಅಷ್ಟೆ. ಬಾಗಿಲಾಚೆ ಬಿದ್ದರೆ ಅದಕ್ಕೆ ಕಾಣುವುದು ಗ್ಯಾರೇಜಿನ 38, ಯಂತ್ರ ರಾತ್ರಿಯಿಡೀ ಓಡಿ ಬೆಳಿಗ್ಗೆ ನಿಮಗೆ ಸಿಗುವುದು ಯೀಸ್ಟ್ ಮಲಗಿಬಿಟ್ಟ ಕೊರೆಯುವ ಬಿಯರ್.

ನಿಮ್ಮ ಬೇಸಿಗೆಗೇ ಸಂಬಂಧಿಸಿದ ಇನ್ನೊಂದು ಸಂಗತಿ. ಡಲ್ಲಾಸಿನ ನಲ್ಲಿ ನೀರು ಜುಲೈನಲ್ಲಿ ಉಗುರುಬೆಚ್ಚಗೇ ಬರುತ್ತದೆ, ಕುದಿಸಿದ ವರ್ಟನ್ನು ಅದು 30ರ ಕೆಳಗೆ ಇಳಿಸಲಾರದು. ಆ 30ರಲ್ಲೇ ಯೀಸ್ಟ್ ಹಾಕಿ, ಪೆಟ್ಟಿಗೆ ತಣ್ಣಗೆ ಮಾಡಿಕೊಳ್ಳಲಿ ಎಂದರೆ ಪೆಟ್ಟಿಗೆ ಇದ್ದೂ ಬಾಳೆಹಣ್ಣಿನ ವಾಸನೆ ತಪ್ಪದು. 19 ಲೀಟರನ್ನು 30ರಿಂದ 17ಕ್ಕೆ ಇಳಿಸಲು ಸಾವಿರ ಕಿಲೋಜೂಲ್ ತೆಗೆಯಬೇಕು, ಪೂರ್ತಿ ಹುದುಗು ಕೊಡುವ ಶಾಖಕ್ಕಿಂತ ಹೆಚ್ಚು. ಶುಚಿಯಾದ ಬಕೆಟ್ಟಿಗೆ ಮುಚ್ಚಳ ಬಿಗಿದು ರಾತ್ರಿ ಒಳಗಿಡಿ, ಬೆಳಿಗ್ಗೆ 17 ತೋರಿಸಿದ ಮೇಲೆ ಯೀಸ್ಟ್ ಹಾಕಿ. ಹೊಸ ಪೆಟ್ಟಿಗೆಯಿಂದ ಸಿಗುವ ದೊಡ್ಡ ಲಾಭ ನನ್ನ ಪ್ರಕಾರ ಇದೇ.

ಬಿಯರಿಗೂ ತಂಪಿಗೂ ಹಳೆಯ ನಂಟು. ಬವೇರಿಯಾದಲ್ಲಿ 1553ರ ಆಜ್ಞೆಯ ಪ್ರಕಾರ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವಂತಿರಲಿಲ್ಲ, ಬೇಸಿಗೆಯದ್ದು ಕೆಡುತ್ತದೆ ಎಂಬುದು ಅವರಿಗೂ ತಿಳಿದಿತ್ತು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೈತ್ಯಯಂತ್ರಕ್ಕೆ ಹಣ, ಜಾಗ ಕೊಟ್ಟು ಬೆಂಬಲಿಸಿದ್ದು ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿ. ಯಂತ್ರದ ಗೊಡವೆಯೇ ಬೇಡ ಎನ್ನುವವರಿಗೆ ಬವೇರಿಯಾದ ದಾರಿ ಈಗಲೂ ತೆರೆದಿದೆ: ಚಳಿಗಾಲದಲ್ಲಿ ಮಾಡಿ, ಬೇಸಿಗೆಯಲ್ಲಿ ಕುಡಿಯಿರಿ. ಇಲ್ಲವೇ ನಾರ್ವೆಯ ಹಳ್ಳಿಗಳ ಕ್ವೈಕ್ ಯೀಸ್ಟ್ ತನ್ನಿ, ಅದು 35ರ ಆಸುಪಾಸಿನಲ್ಲೂ ಶುಚಿಯಾಗಿ ಹುದುಗುತ್ತದೆ. ಕಿತ್ತಳೆಯ ಛಾಯೆ ಬರುವುದುಂಟು, ಲಾಗರ್ ರುಚಿ ಬಯಸುವವರಿಗೆ ಹಿಡಿಸದಿರಬಹುದು.

ಇನ್ನು ಎರಡನೇ ಗೆಳೆಯನ ಭಯ. ತಣ್ಣಗಾಗಿ ಬೆಚ್ಚಗಾದರೆ ಬಿಯರ್ ‘ಸ್ಕಂಕ್’ ಆಗುತ್ತದೆ, ಅಂದರೆ ಆ ಹೆಸರಿನ ನಾತದ ಪ್ರಾಣಿಯಂತೆ ನಾರುತ್ತದೆ ಎಂಬುದು ಸುಳ್ಳು. ಆ ದುರ್ವಾಸನೆ ಬರುವುದು ಬೆಳಕಿನಿಂದ, ಹಾಪ್ಸಿನ ಕಹಿ ಅಂಶ ಬೆಳಕಿಗೆ ಮುರಿದು ಗಂಧಕದ ಸಂಯುಕ್ತವಾದಾಗ. ಅದಕ್ಕೇ ಬಾಟಲಿ ಕಂದು ಬಣ್ಣದ್ದು. ಸೆಕೆ ಬಿಯರನ್ನು ಬೇಗ ಹಳಸುತ್ತದೆ, ಅದು ನಿಜ, ಆದರೆ ವಾರಗಟ್ಟಲೆ ಸೆಕೆ ಬೇಕು. ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. 19 ಲೀಟರ್ ದ್ರವ ದಪ್ಪ ಗೋಡೆಯೊಳಗೆ ಗಂಟೆಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಮೆಲ್ಲಗೆ ಏರುತ್ತದೆ. ಮೊದಲ ಮೂರು ದಿನದಲ್ಲಾದರೆ ಐಸ್ ಬಾಟಲಿ ಒಳಗಿಡಿ, ಆಮೇಲಾದರೆ ಸುಮ್ಮನಿರಿ.

ಕೊನೆಗೆ ಬಿಯರ್ ತಿಳಿಯಾಗಲೆಂದು 2 ಡಿಗ್ರಿಗೆ ಇಳಿಸುವಾಗ ಮಾತ್ರ ಎಚ್ಚರ. ಬಕೆಟ್ಟಿನೊಳಗಿನ ಗ್ಯಾಸ್ ಕುಗ್ಗಿ ಏರ್‌ಲಾಕಿನ ನೀರನ್ನೂ ಹೊರಗಿನ ಗಾಳಿಯನ್ನೂ ಒಳಕ್ಕೆ ಎಳೆಯುತ್ತದೆ. ಜಗ್ಗಿನಲ್ಲಿ ಮುಳುಗಿದ ಕೊಳವೆ ಇದ್ದರೆ ಜಗ್ಗೇ ಖಾಲಿಯಾದೀತು. ತಂಪಿಗೆ ಇಳಿಸುವ ಮುಂಚೆ ಅದನ್ನು ತೆಗೆದು ಎಸ್ ಆಕಾರದ ಏರ್‌ಲಾಕ್ ಹಾಕಿ, ಅರ್ಧಕ್ಕಿಂತ ಕಡಿಮೆ ನೀರು ತುಂಬಿ.

ದೋಸೆ ಹಿಟ್ಟಿನ ಪ್ರಶ್ನೆಗೆ ಉತ್ತರ ಧಾರಾಳವಾಗಿ ಹೌದು. ಕಂಟ್ರೋಲರಿನ ಬಿಸಿಯ ಸಾಕೆಟ್ಟಿಗೆ ಬಕೆಟ್ಟಿನ ಸುತ್ತ ಕಟ್ಟುವ ಹೀಟ್ ಬೆಲ್ಟ್ ಅಥವಾ ಗಿಡದ ಸಸಿಗೆ ಹಾಸುವ ಹೀಟ್ ಮ್ಯಾಟ್ ಸಿಕ್ಕಿಸಿ 29ಕ್ಕೆ ಇಟ್ಟರೆ ಜನವರಿಯಲ್ಲೂ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಕ್ಕುತ್ತದೆ, ಓವನ್ ದೀಪ ಹಚ್ಚಿಡುವ ಪಾಡಿಲ್ಲ. ಬಲ್ಬ್ ಬೇಡ, ಬೆಳಕು ಬಿಯರಿಗೆ ಆಗದು, ಬಿಸಿ ಫೋಮಿಗೆ ಆಗದು. ಎರಡನ್ನೂ ಒಟ್ಟಿಗೆ ಇಡಲು ಬಾರದು, ಒಂದಕ್ಕೆ 18, ಇನ್ನೊಂದಕ್ಕೆ 29. ಹಿಟ್ಟು ಉಕ್ಕಿ ಚೆಲ್ಲಿದ್ದರೆ ಚೆನ್ನಾಗಿ ತೊಳೆದು ಒಣಗಿಸಿದ ಮೇಲೆಯೇ ಬಿಯರ್ ಸರದಿ. ಹುಳಿ ಮಾಡುವ ಬ್ಯಾಕ್ಟೀರಿಯಾ ಅದರ ತುಂಬ ಇರುತ್ತದೆ.

ಸುರಕ್ಷತೆಯ ಎರಡು ಮಾತು. ಗ್ಯಾರೇಜಿನ ಸಾಕೆಟ್ ಜಿಎಫ್‌ಸಿಐ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿಯುವ ವ್ಯವಸ್ಥೆ, ಇರುವುದೇ ಆಗಿರಲಿ, ತೆಳು ಎಕ್ಸ್‌ಟೆನ್ಶನ್ ವೈರ್ ಬೇಡ. ಮತ್ತೆ, ಒಂದು ಸಲದ ಬಿಯರ್ ಸುಮಾರು 400 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಗಿಂತ ಭಾರ, ಫ್ರೀಜರಿನ ತಳದಲ್ಲಿ ಬಾವಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಮುಚ್ಚಳ ತೆರೆದ ಕೂಡಲೇ ತಲೆ ಒಳಗೆ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಇದನ್ನು ಬೆಂಗಳೂರಲ್ಲೋ ಮೈಸೂರಲ್ಲೋ ಓದುತ್ತಿರುವವರಿಗೆ: ಅಮೆರಿಕದಲ್ಲಿ 1978ರ ಕಾನೂನಿನಿಂದ ಮನೆ ಬಳಕೆಯ ಬಿಯರಿಗೆ ಕೇಂದ್ರ ತೆರಿಗೆ ಇಲ್ಲ, ವಯಸ್ಕರೊಬ್ಬರ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಪೆಟ್ಟಿಗೆ ಕಟ್ಟಿ, ಹಿಟ್ಟು ಹುದುಗಿಸಿ, ಬಿಯರ್ ಬೇಡ.

ಫ್ರಿಜ್ ಮನೆಗೆ ಬಂದ ದಿನವೇ ಬಿಯರ್ ಇಡಲು ಹೋಗಬೇಡಿ. ಸಾಗಿಸುವಾಗ ಮಲಗಿಸಿದ್ದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಎಣ್ಣೆ ಕಂಪ್ರೆಸರಿಗೆ ಇಳಿಯಲಿ. ಬಾಗಿಲಿನ ರಬ್ಬರಿಗೆ ಒಂದು ಹಾಳೆ ಸಿಕ್ಕಿಸಿ ಎಳೆದು ನೋಡಿ, ಸಲೀಸಾಗಿ ಜಾರಿದ ಕಡೆ ರಬ್ಬರ್ ಸತ್ತಿದೆ ಎಂದರ್ಥ. ಆಮೇಲೆ ಬಕೆಟ್ಟಿಗೆ 19 ಲೀಟರ್ ನಲ್ಲಿ ನೀರು ತುಂಬಿ, ಸೆನ್ಸರ್ ಅಂಟಿಸಿ, 18ಕ್ಕೆ ಇಟ್ಟು ಎರಡು ದಿನ ಓಡಿಸಿ, ಅದರಲ್ಲಿ ಒಂದು ದಿನವಾದರೂ ಸುಡು ಬಿಸಿಲಿನದ್ದಿರಲಿ. ಮಧ್ಯಾಹ್ನ ಮೂರಕ್ಕೂ ಬೆಳಗಿನ ಜಾವ ಐದಕ್ಕೂ ಬೇರೆ ಥರ್ಮಾಮೀಟರ್ ನೀರಿನಲ್ಲೇ ಮುಳುಗಿಸಿ ಹೋಲಿಸಿ. ಮೂರು ಗಂಟೆಯ ಸೆಕೆಯಲ್ಲೂ ಕಂಪ್ರೆಸರ್ ಗಂಟೆಯಲ್ಲಿ ಅರ್ಧ ಹೊತ್ತಾದರೂ ನಿಂತಿದ್ದರೆ ಮಾಲ್ಟ್ ತರಬಹುದು. ನಿಲ್ಲದೆ ಓಡುತ್ತಿದ್ದರೆ ರಬ್ಬರ್ ಬದಲಿಸಿ, ಹಿಂಬದಿಯ ಧೂಳು ತೆಗೆದು, ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದು ಮತ್ತೆ ನೀರಿನಲ್ಲೇ ಪರೀಕ್ಷಿಸಿ.